ಎರುಮಿನಾಡಿನ ಕಾವುತಿಯೂ ಕೇಟ್ಟೈ ನಕ್ಷತ್ರವೂ

ಬಾಗಲಗುಂಟೆಯ ಒಂದು ಜೈನ ಮನೆಯ ನಡುಕೋಣೆಯಲ್ಲಿ ಎರಡು ಜಾತಕಗಳನ್ನು ಅಕ್ಕಪಕ್ಕದಲ್ಲಿ ಬಿಚ್ಚಿಡಲಾಗಿತ್ತು. ವರನದು ಕನ್ನಡದಲ್ಲಿತ್ತು, ಕನ್ಯೆಯದು ತಮಿಳಿನಲ್ಲಿ, ಅವಳ ಅಜ್ಜ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು. ವಂದವಾಸಿ ಕಡೆಯ ನಯಿನಾರ್ ಮನೆತನದ ಆಕೆಯ ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ಆಯುಷ್ಯ ಕಳೆದವರು; ಕನ್ನಡವನ್ನು ನೀರು ಕುಡಿದಂತೆ ಆಡುತ್ತಾರೆ, ಓದಲಾರರು. ವರನ ಅಜ್ಜ ಪ್ರೌಢಶಾಲೆಯ ನಿವೃತ್ತ ಕನ್ನಡ ಮೇಷ್ಟ್ರು. ಅವರಿಗೆ ತಮಿಳು ಲಿಪಿ ಬಾರದು. ಆದ್ದರಿಂದ ಕನ್ಯೆಯ ತಂದೆ ಒಂದೊಂದೇ ಪದವನ್ನು ಗಟ್ಟಿಯಾಗಿ ಓದುತ್ತ ಬಂದರು. ನಕ್ಷತ್ರದ ಬಳಿಗೆ ಬಂದು "ಕೇಟ್ಟೈ" ಎಂದಾಗ, ಬಾಗಿಲಲ್ಲಿ ನಿಂತಿದ್ದ ವರನ ಅಜ್ಜಿಯ ಮುಖ ಬಾಡಿತು.

"ಏನ್ರೀ, ಹೆಸರೇ ಕೆಟ್ಟದ್ದು ಅಂತಿದೆಯಲ್ಲ!"

"ಅಲ್ಲ ಕಣೇ, ಅದು ಜ್ಯೇಷ್ಠಾ" ಎಂದರು ಮೇಷ್ಟ್ರು. ಸಮಾಧಾನಕ್ಕೆಂದು ಹೇಳಿದ ಆ ಮಾತೇ ಮುಳುವಾಯಿತು. ಜ್ಯೇಷ್ಠಾ ನಕ್ಷತ್ರದ ಹೆಣ್ಣು ಗಂಡನ ಅಣ್ಣನಿಗೆ ಆಗಿಬರುವುದಿಲ್ಲವೆಂಬುದು ಹಳೆಯ ನಂಬಿಕೆ. ವರನಿಗೋ ಒಬ್ಬ ಅಣ್ಣನಿದ್ದಾನೆ. ಮಾತುಕತೆ ಅಲ್ಲಿಗೇ ನಿಂತಿತು. ತಂದ ಹಣ್ಣು-ತೆಂಗಿನಕಾಯಿ ತಟ್ಟೆಯಲ್ಲೇ ಉಳಿಯಿತು.

ಕರ್ಮಸಿದ್ಧಾಂತವನ್ನು ಒಪ್ಪಿದವರಿಗೆ ಗ್ರಹಗಳ ಭಯವೇಕೆಂದು ಕೇಳಬಹುದು. ಶಾಸ್ತ್ರದಲ್ಲಿ ಆ ಪ್ರಶ್ನೆಗೆ ಬಲವಿದೆ, ಮನೆಯ ನಡುಕೋಣೆಯಲ್ಲಿ ಅಷ್ಟಿಲ್ಲ. ಅಲ್ಲದೆ ಕನ್ನಡದ ಮೊದಲ ಜ್ಯೋತಿಷ ಗ್ರಂಥವಾದ 'ಜಾತಕತಿಲಕ'ವನ್ನು 1049ರಲ್ಲಿ ಬರೆದವನು ಶ್ರೀಧರಾಚಾರ್ಯನೆಂಬ ಜೈನನೇ. ಆಗ ಆಳುತ್ತಿದ್ದವನು ಚಾಲುಕ್ಯ ಆಹವಮಲ್ಲ ಸೋಮೇಶ್ವರ. ಆದರೆ ಆ ಗ್ರಂಥದ ಹಿಂದಿರುವ ಹನ್ನೆರಡು ಮನೆಗಳ ಜಾತಕಪದ್ಧತಿ ಈ ನೆಲದ ಮೂಲದ್ದಲ್ಲ. ವೇದಾಂಗಜ್ಯೋತಿಷದಲ್ಲಿ ಮೇಷಾದಿ ರಾಶಿಗಳಿಲ್ಲ. ಇರುವುದು ನಕ್ಷತ್ರ, ತಿಥಿ, ಐದು ವರ್ಷಗಳ ಯುಗ. ಅರ್ಧಮಾಗಧಿಯ ಸೂರ್ಯಪ್ರಜ್ಞಪ್ತಿಯದೂ ಅದೇ ಐದು ವರ್ಷಗಳ ಯುಗ. ಅಲ್ಲಿ ನಕ್ಷತ್ರಗಳು ಇಪ್ಪತ್ತೆಂಟು, ಎಣಿಕೆ ಅಭಿಜಿತ್ತಿನಿಂದ. ರಾಶಿ, ಹೋರಾ, ಕೇಂದ್ರ, ದ್ರೇಕ್ಕಾಣಗಳು ಯವನರ ಸಂಪರ್ಕದಿಂದ ಬಂದವು. ಸ್ಫುಜಿಧ್ವಜನ 'ಯವನಜಾತಕ'ವನ್ನು ಡೇವಿಡ್ ಪಿಂಗ್ರಿ 1978ರಲ್ಲಿ ಸಂಪಾದಿಸಿ ಕ್ರಿ.ಶ. ಮೂರನೆಯ ಶತಮಾನದ್ದೆಂದರು, ಆ ಕಾಲನಿರ್ಣಯವನ್ನು ಈಚೆಗೆ ಬಿಲ್ ಮ್ಯಾಕ್ ಪ್ರಶ್ನಿಸಿದ್ದಾರೆ, ಆದರೆ ಗ್ರೀಕ್ ಋಣವನ್ನು ಪದಗಳೇ ಸಾರುತ್ತವೆ. ವಿವಾಹವನ್ನು ನೋಡುವ ಏಳನೆಯ ಮನೆಗೆ 'ಜಾಮಿತ್ರ'ವೆಂಬ ಹೆಸರಿದೆ. ಅದು ಗ್ರೀಕಿನ 'ಡಿಯಾಮೆಟ್ರಾನ್', ಎಂದರೆ ವ್ಯಾಸ. ಲಗ್ನಕ್ಕೆ ನೇರ ಎದುರಿರುವ ಸ್ಥಾನ. ಕನ್ಯೆಯ ತಂದೆ ಲೇತಿನ ಮೇಲೆ ಜೀವಮಾನವೆಲ್ಲ ಅಳೆದದ್ದೂ ಅದನ್ನೇ.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಸುಮಾರು ಕ್ರಿ.ಶ. 600ರ ಶಾಸನವು ಭದ್ರಬಾಹು ಸ್ವಾಮಿಗಳನ್ನು ಅಷ್ಟಾಂಗ ಮಹಾನಿಮಿತ್ತದ ಬಲ್ಲವರೆಂದು ಕೀರ್ತಿಸುತ್ತದೆ. ಉಜ್ಜಯಿನಿಯಲ್ಲಿ ಅವರು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ನುಡಿದರು, ಸಂಘವು ದಕ್ಷಿಣಾಪಥಕ್ಕೆ ನಡೆಯಿತು. ಘಟನೆಗೂ ಶಾಸನಕ್ಕೂ ನಡುವೆ ಸುಮಾರು ಒಂಬತ್ತು ಶತಮಾನಗಳ ಅಂತರವಿದೆಯಾಗಿ ಅದನ್ನು ಪರಂಪರೆಯೆಂದೇ ಓದಬೇಕು. ಗಮನಿಸಬೇಕಾದುದು ಬೇರೆ: ಅಂತರಿಕ್ಷ, ಭೌಮ, ಸ್ವರ, ಸ್ವಪ್ನಾದಿ ಎಂಟು ಅಂಗಗಳ ಈ ವಿದ್ಯೆಯಲ್ಲಿ ಹುಟ್ಟಿದ ಗಳಿಗೆಯ ಕುಂಡಲಿಯಿಲ್ಲ. ಇಲ್ಲಿ ನಾಡಿಗೆ ಬರುವ ಆಪತ್ತನ್ನು ಕಂಡು ಸಂಘವನ್ನು ಉಳಿಸಿಕೊಂಡರು. ಒಂದು ಹೆಣ್ಣನ್ನು ಅವಳ ನಕ್ಷತ್ರಕ್ಕಾಗಿ ಹೊರಗಿಡುವುದು ಈ ಬಗೆಯದಲ್ಲ.

ದಕ್ಷಿಣಕ್ಕೆ ಬಂದ ಶ್ರಮಣರ ಗುರುತು ತಮಿಳುನಾಡಿನ ಬೆಟ್ಟಗಳ ಗುಹೆಗಳಲ್ಲಿದೆ. ಮಧುರೆಯ ಬಳಿಯ ಮಾಂಗುಳಂ, ಕರೂರಿನ ಬಳಿಯ ಪುಗಳೂರು, ಪುದುಕ್ಕೋಟ್ಟೈನ ಸಿತ್ತನ್ನವಾಸಲ್ ಮುಂತಾದೆಡೆ ಮುನಿಗಳು ಮಲಗುತ್ತಿದ್ದ ಕಲ್ಲುಹಾಸುಗಳೂ ಅವುಗಳ ಬಳಿ ಬ್ರಾಹ್ಮೀ ಬರಹಗಳೂ ಇವೆ. ಮೊದಮೊದಲು ವಿದ್ವಾಂಸರು ಇವನ್ನು ಪ್ರಾಕೃತವೆಂದು ಓದಲು ಹೆಣಗಿದರು. ಭಾಷೆ ತಮಿಳು ಎಂದು 1924ರಲ್ಲಿ ತೋರಿಸಿದವರು ಕೆ.ವಿ. ಸುಬ್ರಹ್ಮಣ್ಯ ಅಯ್ಯರ್; ಐರಾವತಂ ಮಹಾದೇವನ್ ಅದನ್ನು ಗಟ್ಟಿಗೊಳಿಸಿ 2003ರಲ್ಲಿ ಸಮಗ್ರ ಗ್ರಂಥವನ್ನು ಹೊರತಂದರು. ಅಶೋಕನ ಬ್ರಾಹ್ಮಿಯಲ್ಲಿಲ್ಲದ ೞ, ಱ ಮೊದಲಾದ ದ್ರಾವಿಡ ಧ್ವನಿಗಳಿಗೆ ಅಲ್ಲಿ ಹೊಸ ಅಕ್ಷರಗಳನ್ನು ಮಾಡಿಕೊಂಡಿದ್ದಾರೆ. ಹಳಗನ್ನಡ ಬಲ್ಲವರಿಗೆ ಆ ಧ್ವನಿಗಳು ಅಪರಿಚಿತವಲ್ಲ.

ಸಿತ್ತನ್ನವಾಸಲ್ಲಿನ ಬರಹವಂತೂ ಕನ್ನಡಿಗರು ಒಮ್ಮೆ ನಿಂತು ಓದಬೇಕಾದದ್ದು. ಎರುಮಿನಾಡಿನ ಕುಮುೞೂರಿನಲ್ಲಿ ಹುಟ್ಟಿದ ಕಾವುತಿಯೊಬ್ಬನಿಗೆ ಸ್ಥಳೀಯರು ಮಾಡಿಸಿಕೊಟ್ಟ ಆಸನವಿದು ಎಂಬುದು ಅದರ ತಾತ್ಪರ್ಯ. ಎರುಮೆ ಎಂದರೆ ಎಮ್ಮೆ; ಎರುಮಿನಾಡನ್ನು ಮಹಿಷಮಂಡಲ, ಎಂದರೆ ಮೈಸೂರು ಸೀಮೆ, ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಹಾದೇವನ್ ಇದನ್ನು ಕ್ರಿ.ಪೂ. ಒಂದನೆಯ ಶತಮಾನದಲ್ಲಿಡುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಕಡೆಯವನೊಬ್ಬನಿಗೆ ಅಲ್ಲಿಯವರು ಮಲಗಲು ಕಲ್ಲು ನಯಮಾಡಿ ಕೊಟ್ಟಿದ್ದರು. ಅವನ ನಕ್ಷತ್ರವನ್ನು ಯಾರೂ ಬರೆದಿಲ್ಲ.

ಹೀಗೆ ಓಡಾಡಿದವರ ಜೊತೆಗೆ ಪ್ರಾಕೃತದ ಪದಗಳೂ ತಮಿಳಿಗೆ ಇಳಿದವು. ನಕ್ಷತ್ರಗಳ ಹೆಸರಿನಲ್ಲಿ ಅದರ ಜಾಡು ಸ್ಪಷ್ಟ. ಶ್ರವಣ ಓಣಂ ಆಯಿತು. ಶ್ರವಿಷ್ಠಾ ಅವಿಟ್ಟಂ ಆಯಿತು. ಜ್ಯೇಷ್ಠಾ ಕೇಟ್ಟೈ ಆದಾಗ 'ಷ್ಠ' ಎಂಬುದು ಪ್ರಾಕೃತದಲ್ಲಿರುವಂತೆ 'ಟ್ಟ' ಎಂದು ಮೆತ್ತಗಾಗಿದೆ. ವಿಶೇಷವೆಂದರೆ, ಕನ್ನಡ ಪಂಚಾಂಗದಲ್ಲಿ ಇಂದು ಧನಿಷ್ಠಾ ಎಂದಿರುವ ನಕ್ಷತ್ರಕ್ಕೆ ವೇದಾಂಗಜ್ಯೋತಿಷದಲ್ಲಿದ್ದ ಹಳೆಯ ಹೆಸರು ಶ್ರವಿಷ್ಠಾ. ನಾವು ಬಿಟ್ಟದ್ದನ್ನು ತಮಿಳಿನ ಮನೆಮಾತು ಉಳಿಸಿಕೊಂಡಿದೆ.

ಅಜ್ಜಿಯ ಕಿವಿಯನ್ನೂ ಹಳಿಯಬೇಕಿಲ್ಲ. ಹಳೆಯ ಕನ್ನಡ ಓಲೆಗರಿಗಳಲ್ಲಿ ಎಕಾರ-ಏಕಾರಗಳಿಗೆ ಬೇರೆ ಬೇರೆ ಗುರುತಿರಲಿಲ್ಲ. ತಮಿಳಿನಲ್ಲಿ ಹ್ರಸ್ವಕ್ಕೆ ಚುಕ್ಕಿಯಿಡುವ ನಿಯಮವಿದ್ದರೂ ಓಲೆಯಲ್ಲಿ ಚುಕ್ಕಿ ಕೊರೆದರೆ ಗರಿ ಹರಿಯುವ ಭಯದಿಂದ ಬಿಡುತ್ತಿದ್ದರು. ಇಂದಿನ ವ್ಯತ್ಯಾಸವನ್ನು ಅಲ್ಲಿ ತಂದವನು ಹದಿನೆಂಟನೆಯ ಶತಮಾನದ ಪಾದ್ರಿ ಬೆಸ್ಕಿ. ಅದಕ್ಕೂ ಮೊದಲಿನ ಓಲೆಯಲ್ಲಿ 'ಕೆಟ್ಟ'ದ ಮೊದಲಕ್ಷರಕ್ಕೂ 'ಕೇಟ್ಟೈ'ನ ಮೊದಲಕ್ಷರಕ್ಕೂ ಭೇದ ಕಾಣದೆ ಹೋಗಬಹುದಿತ್ತು.

ಇಷ್ಟನ್ನೂ ಮೇಷ್ಟ್ರು ಮೂರು ಸಂಜೆ ಕೂತು ಹೆಂಡತಿಗೆ ಹೇಳಿದರು. ಆಕೆ ಅವರೆಕಾಳು ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಸರಿ. ಕೊನೆಗೆ ಜ್ಯೇಷ್ಠಾನೇ ತಾನೆ?" ಎಂದರು. ಪದದ ವ್ಯುತ್ಪತ್ತಿಯಿಂದ ಭಯದ ಬೇರು ಕೀಳುವುದಿಲ್ಲವೆಂಬುದು ಮೇಷ್ಟ್ರಿಗೂ ತಿಳಿಯಿತು. ಅವರು ಮರುಮಾತಾಡಲಿಲ್ಲ.

ಮಾತಾಡಿದವನು ಯಾರಿಗೆ ಕೇಡೆಂದು ಹೆದರಿದ್ದರೋ ಆ ಅಣ್ಣನೇ. ರಾತ್ರಿ ಪಾಳಿ ಮುಗಿಸಿ ಬಂದವನು ಚಪ್ಪಲಿ ಬಿಡುತ್ತಲೇ, "ಅಜ್ಜಿ, ಆಗೋದಿದ್ರೆ ನನಗೆ ತಾನೆ ಆಗೋದು? ನಾನು ಒಪ್ಪಿದೀನಿ" ಎಂದ. ಮುಂದಿನ ಭಾನುವಾರ ಕನ್ಯೆಯ ಮನೆಯವರೊಡನೆ ಮೇಲ್‌ಸಿತ್ತಾಮೂರಿನ ಮಠಕ್ಕೆ ಹೊರಟ ವ್ಯಾನಿನಲ್ಲಿ ಅವನು ಮುಂದೆ ಕೂತಿದ್ದ. ಅಜ್ಜಿ ಹಿಂದಿನ ಸೀಟಿನಲ್ಲಿ, ಕನ್ಯೆಯ ಪಕ್ಕದಲ್ಲಿದ್ದರು. ಹೊಸೂರು ದಾಟುವವರೆಗೂ ಮಾತಿಲ್ಲ, ಆಮೇಲೆ ಅಂಗಡಿಗಳ ಬೋರ್ಡುಗಳನ್ನು ತೋರಿಸಿ ಅದೇನು ಅಕ್ಷರ, ಇದೇನು ಅಕ್ಷರ ಎಂದು ಕೇಳತೊಡಗಿದರು.