ಫಾಲ್ಟ್ ಹುಡುಕೋ ಖುಷಿ

ಈಗಷ್ಟೇ ಎಲೆಕ್ಟ್ರಿಷಿಯನ್ ಹುಡುಗ ಬಂದು ಹೋದ. ಬೆಳಗ್ಗೆಯಿಂದ ಮನೆ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡೋ ಸ್ವಿಚ್) ಮೇಲಿಂದ ಮೇಲೆ ಟ್ರಿಪ್ ಆಗ್ತಿತ್ತು. ಎಲ್ಲ ಎಂಸಿಬಿ ಇಳಿಸಿ, ಒಂದೊಂದೇ ಎತ್ತುತ್ತಾ ಬಂದ. ಗೀಸರ್ ಲೈನಿಗೆ ಬಂದಾಗ ಟಪ್! ಕಾಯಿಲ್ ಹೋಗಿ ಕರೆಂಟ್ ಲೀಕ್ ಆಗ್ತಿತ್ತಂತೆ. "ಮೂವತ್ತು ಮಿಲಿ ಆಂಪಿಯರ್ ಲೀಕ್ ಆದ್ರೂ ಸಾಕು ಸಾರ್, ಇದು ಬಿಡಲ್ಲ" ಅಂತ ಹೇಳುವಾಗ ಅವನ ಮುಖದಲ್ಲಿ ಖುಷಿ ನೋಡಬೇಕಿತ್ತು.

ಅವನು ಓದಿದ್ದು ಎಸ್ಸೆಸ್ಸೆಲ್ಸಿ ಆದ್ಮೇಲೆ 2 ವರ್ಷ ಐಟಿಐ. ಆಮೇಲೆ ಫ್ಯಾಕ್ಟರಿ ಕೆಲಸ, ತಿಂಗಳಾದ್ರೆ ಸಂಬಳ, ಪಿಎಫ್, ಇಎಸ್ಐ. ಬಿಟ್ಟು ಬಂದಿದ್ದಾನೆ! ಯಾಕಪ್ಪಾ ಅಂದ್ರೆ, "ರಾತ್ರಿಯಿಡೀ ಪ್ಯಾನೆಲ್ ಮುಂದೆ ಕೂತು ರೀಡಿಂಗ್ ಬರೆಯೋದು ಸಾರ್. ತಲೆಗೆ ಕೆಲಸಾನೇ ಇಲ್ಲ."

ಈಗಿನ ದುಡಿಮೆ ಅಷ್ಟಕ್ಕಷ್ಟೇ. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಹಾಗಾಗಿ ಹೊಸ ಮನೆ ಫಿಟ್ಟಿಂಗ್ ಕೆಲಸಾನೂ ಕಮ್ಮಿ. ಮನೆ ಕಟ್ಟಿಸಿದವರು ಕೊನೇ ಕಂತು ಕೊಡೋಕೆ ಸತಾಯಿಸ್ತಾರೆ. ಏಣಿಯಿಂದ ಬಿದ್ರೆ ಆಸ್ಪತ್ರೆ ಖರ್ಚು ಅವನದೇ. ಹಾಗಾಗಿ "ಖುಷಿ ಇದ್ರೆ ಸಾಕು, ದುಡ್ಡು ಯಾಕೆ" ಅನ್ನೋ ಮಾತು ನನಗಂತೂ ಒಪ್ಪಿಗೆ ಇಲ್ಲ. ತಿಂಗಳ ಸಂಬಳ ಎಣಿಸೋರು ಹೇಳೋ ಮಾತದು.

ಆದ್ರೂ ಆ ಹುಡುಗ ತಪ್ಪು ಮಾಡಿದ ಅಂತ ಅನ್ನಿಸ್ತಿಲ್ಲ. ಕಲಿತ ವಿದ್ಯೆ ದಿನಾ ಕೆಲಸಕ್ಕೆ ಬರ್ತಿದೆಯಲ್ಲ. (ವಿಮೆ ಮಾತ್ರ ಮಾಡಿಸ್ಕೋ ಮಾರಾಯ ಅಂದೆ, ನಕ್ಕ.)

ಇಲ್ಲಿ ವೈರಿಂಗ್ ಕೆಲಸದವರು, ಐಟಿಐ ಓದಿದವರು ಯಾರಾದ್ರೂ ಇದ್ರೆ ಹೇಳಿ: ನೀವಾಗಿದ್ರೆ ಫ್ಯಾಕ್ಟರಿ ಬಿಡ್ತಿದ್ರಾ?