ಹಿಂಬದಿ ಇಲ್ಲದ ಸೀರೆ

ನರಗುಂದ ಬಿಟ್ಟು ರೋಣದ ದಾರಿ ಹಿಡಿದರೆ ಕಣ್ಣು ಹಾಯುವಷ್ಟು ದೂರ ಎರಿ ಹೊಲ. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಬಂಡೆದ್ದ ಸೀಮೆ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ, ಈ ಭಾಗದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತಿತ್ತು. ಅದೇ ದೊಡ್ಡ ಸೋಜಿಗ ಅಂದುಕೊಂಡಿದ್ದೆ, ಗಜೇಂದ್ರಗಡದ ಓಣಿಯೊಂದರಲ್ಲಿ ಲಾಳಿಯ ಸದ್ದು ಕೇಳಿ ಒಳಗೆ ಹೋಗುವ ತನಕ.

ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು ಹೊಸ ಸೊಸೆ. ತವರಲ್ಲಿ ಮಗ್ಗ ಕಂಡವಳಲ್ಲ. ನೇಯುತ್ತಿದ್ದದ್ದು ಪಟ್ಟೇದ ಅಂಚಿನ ಸೀರೆ: ಹತ್ತಿ ನೂಲು, ಚೌಕಳಿ ಮೈ, ಅಗಲ ದಡಿ. ಹೆಚ್ಚುಕಡಿಮೆ ಮರೆತೇಹೋಗಿದ್ದ ಇದನ್ನು ಹೇಮಲತಾ ಜೈನ್ ಇಲ್ಲಿನ ನೇಕಾರರ ಜೊತೆಗೂಡಿ ಮತ್ತೆ ಮಗ್ಗಕ್ಕೆ ತಂದರು. ಒಳಮೈ, ಹೊರಮೈ ಎರಡೂ ಒಂದೇ. ಯಾವ ಕಡೆಯಿಂದಲಾದರೂ ಉಡಬಹುದು. ಕಲಿಯುವವರಿಗೆ ಕಷ್ಟ ಇರುವುದೇ ಅಲ್ಲಿ. ತಪ್ಪು ಮುಚ್ಚಿಡಲು ಹಿಂಬದಿಯೇ ಇಲ್ಲ!

ನೋಡನೋಡುತ್ತಲೇ ಹಾಸಿನ ಒಂದು ಎಳೆ ಹರಿಯಿತು. ಸೊಸೆಯ ಕೈ ನಿಂತಿತು.

"ಎಳಿ ಹರದ್ರ ಅಂಜಬ್ಯಾಡವಾ. ಹರದಿದ್ದು ನೋಡದ ಮುಂದ ನೇಯ್ದ್ರ ತಪ್ಪು," ಅಂದರು ಅತ್ತೆ.

ಅದೇ ಬಣ್ಣದ ತುಂಡು ನೂಲು ತೆಗೆದು, ಬೆರಳು ಒದ್ದೆ ಮಾಡಿ, ಹರಿದ ತುದಿಗೆ ಗಂಟು ಹಾಕಿದರು. ಹಣಿಗೆಯಲ್ಲಿ ಅದರದೇ ಸಂದಿ ಹುಡುಕಿ ತೂರಿಸಿದರು. ಪಕ್ಕದ ಸಂದಿಗೆ ಹೋದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದಂತೆ. ತುದಿಯನ್ನು ನೇಯ್ದ ಬಟ್ಟೆಗೆ ಗುಂಡುಪಿನ್ನಿನಿಂದ ಚುಚ್ಚಿ ಬಿಗಿ ಮಾಡಿದರು. ಮಗ್ಗದ ಹಿಂದೆ ಸಡಿಲಾದ ಇನ್ನೊಂದು ಎಳೆಗೆ ಸೈಕಲ್ಲಿನ ಹಳೇ ನಟ್ಟು ಜೋತುಬಿದ್ದಿತ್ತು. ಆ ಭಾರಕ್ಕೆ ಎಳೆ ಉಳಿದವುಗಳ ಸಮಕ್ಕೆ ನಿಂತಿತ್ತು. ನೂರಾರು ಎಳೆಗಳ ನಡುವೆ ಅದೊಂದೇ ಸಡಿಲೆಂದು ಯಾವ ಕಣ್ಣು ಹಿಡಿಯಿತೋ!

ಚೌಕಳಿಯದು ಬೇರೆಯೇ ಪೇಚು. ಏಟು ಬಲವಾದರೆ ಚೌಕ ಗಿಡ್ಡ, ಹಗುರಾದರೆ ಉದ್ದ. ಹೊಕ್ಕಿನ ನೂಲು ಜಗ್ಗಿದರೆ ದಡಿ ಒಳಸರಿಯುತ್ತದೆ. ಎಳೆ ಎಣಿಸುತ್ತ ಕೂತರೆ ಕೈಯ ಲಯ ತಪ್ಪುತ್ತದೆ. ಅದಕ್ಕೆ ಸೊಸೆ ತಾನೇ ಉಪಾಯ ಕಂಡುಕೊಂಡಿದ್ದಳು: ಒಂದು ಚೌಕದಷ್ಟು ಉದ್ದಕ್ಕೆ ಮುರಿದ ಕಸಬರಿಗೆ ಕಡ್ಡಿ. ಬಣ್ಣ ಬದಲಿಸುವ ಮುನ್ನ ಬಟ್ಟೆಯ ಮೇಲಿಟ್ಟು ನೋಡುತ್ತಾಳೆ. ಕೂದಲೆಳೆಯಷ್ಟು ಕಡಿಮೆ ಕಂಡರೆ ಇನ್ನೊಂದು ಲಾಳಿ.

ಸಂಜೆ ಕಾಲಕಾಲೇಶ್ವರನ ಗುಡ್ಡ ಹತ್ತುವುದೆಂದು ಬಂದಿದ್ದೆ. ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ.

"ಕೈ ಕಲತ ಮ್ಯಾಲ ಆ ಕಡ್ಡಿ ಬೇಕಾಗಂಗಿಲ್ಲ," ಅಂದರು ಅತ್ತೆ. ಸೊಸೆ ನಕ್ಕು, ಕಡ್ಡಿಯನ್ನು ತುರುಬಿಗೆ ಸಿಕ್ಕಿಸಿಕೊಂಡು, ಲಾಳಿಗೆ ಅರಿಶಿನ ಬಣ್ಣದ ಕಂಡಿಕೆ ಹಾಕಿದಳು.