ಹಿಮ್ಮಡಿ ನೋವಿನೊಡನೆ ಬೇಕಲ ಕೋಟೆ

ಕಾಸರಗೋಡಿನಿಂದ ಚಂದ್ರಗಿರಿ ಸೇತುವೆಯನ್ನು ದಾಟಿ, ಮೇಲ್ಪರಂಬ, ಉದುಮಗಳ ಮೂಲಕ ಕಾಞಂಗಾಡಿಗೆ ಸಾಗುವ ರಸ್ತೆಯಲ್ಲಿ ಸುಮಾರು 16 ಕಿಲೋಮೀಟರು ಹೋದರೆ ಬಲಗಡೆಗೆ ಬೇಕಲ ಕೋಟೆಯ ದಾರಿ ತೆರೆದುಕೊಳ್ಳುತ್ತದೆ. ಕೆಳದಿಯ ಶಿವಪ್ಪ ನಾಯಕನು 17ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದನೆನ್ನಲಾಗುವ ಈ ಮುರಕಲ್ಲಿನ ಕೋಟೆ ಸುಮಾರು 40 ಎಕರೆಯಷ್ಟು ಹರಡಿದೆ. ಕೇರಳದ ಅತಿ ದೊಡ್ಡ ಕೋಟೆಯೆಂಬ ಹೆಸರೂ ಇದಕ್ಕಿದೆ. ಶಾಲೆಯ ಪ್ರವಾಸದಲ್ಲಾಗಲಿ, ಕ್ರಿಸ್ಮಸ್ ರಜೆಯಲ್ಲಾಗಲಿ ಈ ಕೋಟೆಯನ್ನು ಕಾಣದ ಮಕ್ಕಳು ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ವಿರಳ.

ಆದರೆ 40 ಎಕರೆಯೆಂಬುದು ಪುಸ್ತಕದಲ್ಲಿ ಒಂದು ಸಂಖ್ಯೆ. ಕಾಲಿಗೆ ಅದು ಬೇರೆಯೇ ಲೆಕ್ಕ. ಅಷ್ಟು ಜಾಗ ಅಚ್ಚುಕಟ್ಟಾದ ವೃತ್ತವಾಗಿದ್ದರೂ ಅದರ ಸುತ್ತಳತೆ 1,400 ಮೀಟರಿಗೆ ಮಿಕ್ಕುತ್ತದೆ. ಕೊತ್ತಳಗಳೊಡನೆ ಒಳಕ್ಕೂ ಹೊರಕ್ಕೂ ಬಾಗುವ ಗೋಡೆ ಅದಕ್ಕಿಂತಲೂ ಉದ್ದ. ವೀಕ್ಷಣಾ ಗೋಪುರ, ಮೆಟ್ಟಿಲುಗಳಿರುವ ಕೊಳ, ಮದ್ದಿನ ಮನೆ, ಸುರಂಗದ ಬಾಯಿ, ಕಡಲ ಕಡೆಯ ಇಳಿಜಾರು ಇವೆಲ್ಲವನ್ನೂ ನೋಡಿ ಬಾಗಿಲಿಗೆ ಮರಳುವಾಗ ನಾಲ್ಕೈದು ಸಾವಿರ ಹೆಜ್ಜೆಗಳಾದರೂ ಆಗಿರುತ್ತವೆ. ಹನ್ನೆರಡು ವರ್ಷದ ಹುಡುಗನಿಗೆ ಅದು ಆಟ. ಹಿಮ್ಮಡಿ ನೋವಿರುವ ತಾಯಿಗೆ ಅದು ಪರೀಕ್ಷೆ.

ಕುಂಬಳೆಯ ಸಮೀಪದ ಒಂದು ಮನೆಯ ತಾಯಿಗೆ ಈ ಪರೀಕ್ಷೆ ಹೊಸದಾಗಿರಲಿಲ್ಲ. ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷ ನಿಂತು ಸೀರೆ ಬಿಡಿಸಿದವರು ಆಕೆ. ಹಿಂದಿನ ವರ್ಷ ಮನೆಮಂದಿಯೆಲ್ಲ ಮಂಗಳೂರಿನ ಪಿಲಿಕುಳಕ್ಕೆ ಹೋಗಿದ್ದರು. 350 ಎಕರೆಗೂ ಮಿಕ್ಕಿದ ಆ ನಿಸರ್ಗಧಾಮದಲ್ಲಿ ಪ್ರಾಣಿಸಂಗ್ರಹಾಲಯವೊಂದನ್ನು ಸುತ್ತುವುದಕ್ಕೇ ಅರ್ಧ ದಿನ ಬೇಕು. ಆಕೆ ಬಾಗಿಲ ಬಳಿಯಲ್ಲೇ ಕುಳಿತು, "ನಾನು ಮೊದಲೇ ನೋಡಿದ್ದೇನೆ, ನೀವು ಹೋಗಿಬನ್ನಿ" ಎಂದಿದ್ದರು. ಆಕೆ ಅದನ್ನು ಎಂದೂ ನೋಡಿರಲಿಲ್ಲ. ಈ ಮಾತು ಸುಳ್ಳೆಂದು ಏಳನೆಯ ತರಗತಿಯ ಮಗನಿಗೆ ತಿಳಿದದ್ದು ತಿಂಗಳುಗಳ ಬಳಿಕ, ಒಂದು ಮುಂಜಾನೆ. ಹಾಸಿಗೆಯಿಂದೆದ್ದ ತಾಯಿ ಗೋಡೆ ಹಿಡಿದು, ಹಿಮ್ಮಡಿ ಊರದೆ, ಬೆರಳ ತುದಿಯಲ್ಲಿ ಅಡುಗೆಮನೆಗೆ ನಡೆಯುತ್ತಿದ್ದುದನ್ನು ಅವನು ಕಂಡ.

"ಅಮ್ಮ, ಪಿಲಿಕುಳದಲ್ಲಿಯೂ ಹೀಗೆಯೇ ನೋವಿತ್ತಾ?" ಎಂದು ಅವನು ಕೇಳಿದ. ಉತ್ತರ ಬರಲಿಲ್ಲ. ಆ ವಾರ ಅವರು ವೈದ್ಯರ ಬಳಿಗೆ ಹೋದರು.

ಮನುಷ್ಯನ ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಗಟ್ಟಿಯಾದ ಪಟ್ಟಿಯೊಂದು ಬಿಗಿದಿರುತ್ತದೆ. ಪಾದದ ಕಮಾನನ್ನು ಎತ್ತಿ ಹಿಡಿಯುವುದು ಅದರ ಕೆಲಸ. ಗಟ್ಟಿ ನೆಲದ ಮೇಲೆ ದಿನವಿಡೀ ನಿಲ್ಲುವವರಲ್ಲಿ, ಸವೆದ ಚಪ್ಪಲಿ ಮೆಟ್ಟುವವರಲ್ಲಿ, ಮೀನಖಂಡ ಬಿಗಿದವರಲ್ಲಿ, ಮೈತೂಕ ಏರಿದವರಲ್ಲಿ ಈ ಪಟ್ಟಿಯು ಹಿಮ್ಮಡಿಗೆ ಅಂಟಿದ ಜಾಗದಲ್ಲಿ ಜಗ್ಗಿ ನೋಯತೊಡಗುತ್ತದೆ. ವೈದ್ಯರು ಇದನ್ನು ಪ್ಲಾಂಟಾರ್ ಫೇಸಿಯೈಟಿಸ್ ಎನ್ನುತ್ತಾರೆ. ಮುಂಜಾನೆಯ ಮೊದಲ ಹೆಜ್ಜೆಗಳಲ್ಲಿ ಚುಚ್ಚಿ, ನಡೆದಂತೆ ಸ್ವಲ್ಪ ಸಡಿಲಿ, ಬಹಳ ನಡೆದ ಮೇಲೆ ಮತ್ತೆ ಏಳುವುದು ಇದರ ಗುರುತು. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆರೈಕೆಯಿಂದ ತಿಂಗಳುಗಳಲ್ಲಿ ಇಳಿಯುತ್ತದೆ. ಆದರೆ ಆ ತಿಂಗಳುಗಳನ್ನು ಕಾಯಬೇಕು.

ಹಾಗಾಗಿ ಬೇಕಲದ ಪ್ರವಾಸ ಶುರುವಾದದ್ದು ಪ್ರವಾಸಕ್ಕೆ ಆರು ವಾರ ಮೊದಲು, ಮನೆಯ ಗೋಡೆಯ ಎದುರಿನಲ್ಲಿ. ಅಂಗೈಗಳನ್ನು ಗೋಡೆಗೆ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ, ಮೂವತ್ತು ಎಣಿಸುವವರೆಗೆ ನಿಲ್ಲುವುದು. ಹೀಗೆ ಮೂರು ಸಲ. ಬೆಳಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಕುಳಿತು ಬೈರಾಸಿನಿಂದ ಮುಂಗಾಲನ್ನು ತನ್ನತ್ತ ಎಳೆಯುವುದು. ಸಂಜೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ತೆಳುಬಟ್ಟೆಯಲ್ಲಿ ಸುತ್ತಿ ಅಂಗಾಲಿನಡಿ ಹತ್ತು ಹದಿನೈದು ನಿಮಿಷ ಉರುಳಿಸುವುದು. ಸಿಮೆಂಟಿನ ನೆಲದ ಮೇಲೆ ಬರಿಗಾಲಲ್ಲಿ ನಡೆಯುವುದನ್ನು ಬಿಟ್ಟು, ಮನೆಯೊಳಗೂ ಮೆತ್ತಗಿನ ಚಪ್ಪಲಿ ಹಾಕುವುದು. ಇಷ್ಟೇ ವಿದ್ಯೆ. ಅತ್ತೆಗೆ ಮೊದಲು ಇದು ಸರಿಕಾಣಲಿಲ್ಲ. ಒಳಮನೆಗೆ ಚಪ್ಪಲಿ ಬರುವುದು ಆ ಮನೆಯಲ್ಲಿ ಅದೇ ಮೊದಲು. ಹೊರಗೆ ಮೆಟ್ಟದ ಹೊಸ ಜೋಡಿ ಎಂದು ಹೇಳಿದ ಮೇಲೆ ಅವರು ಸುಮ್ಮನಾದರು.

ಬೂಟಿನ ವಿಚಾರದಲ್ಲಿಯೂ ಅವಸರವಾಗಲಿಲ್ಲ. ಪಾದವು ಸಂಜೆಯ ಹೊತ್ತಿಗೆ ತುಸು ಊದಿಕೊಳ್ಳುವುದರಿಂದ ಅಳತೆಗೆ ಸಂಜೆಯೇ ಸರಿ. ಹಿಮ್ಮಡಿಯ ಭಾಗ ಗಟ್ಟಿಯಾಗಿ, ಅಡಿ ಮೆತ್ತಗಾಗಿ, ಬೆರಳುಗಳಿಗೆ ಜಾಗವಿರುವ ಜೋಡಿಯನ್ನು ಮೂರು ವಾರ ಮೊದಲೇ ಕೊಂಡು, ದಿನವೂ ಸ್ವಲ್ಪ ಹೊತ್ತು ಹಾಕಿ ಪಳಗಿಸಿದರು. ಪ್ರವಾಸದ ದಿನವೇ ಹೊಸ ಬೂಟು ಹಾಕಿದವರಿಗೆ ಮಧ್ಯಾಹ್ನದೊಳಗೆ ಬೊಕ್ಕೆ ಏಳುವುದು ಹೆಚ್ಚುಕಡಿಮೆ ಖಚಿತ. ಬೊಕ್ಕೆ ಎದ್ದರೂ ಅದನ್ನು ಒಡೆಯದೆ, ತೊಳೆದು, ಪಟ್ಟಿ ಅಂಟಿಸುವುದು ಲೇಸು.

ಹೊರಡುವ ಹಿಂದಿನ ದಿನ ತಂದೆ ಒಂದು ಪಟ್ಟಿ ಬರೆದಿದ್ದರು: ಬೆಳಗ್ಗೆ ಬೇಕಲ, ಮಧ್ಯಾಹ್ನ ಚಂದ್ರಗಿರಿ ಕೋಟೆ, ಸಂಜೆ ಅನಂತಪುರ. ತಾಯಿ ಅದನ್ನು ಓದಿ, ಪೆನ್ನು ತೆಗೆದುಕೊಂಡು ಕೊನೆಯ ಎರಡನ್ನು ಹೊಡೆದುಹಾಕಿದರು. "ಇವರೇ, ನನ್ನ ಕಾಲಿಗೆ ಒಂದು ದಿನಕ್ಕೆ ಒಂದೇ ಕೋಟೆ ಸಾಕು. ಉಳಿದದ್ದು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ಆ ಮನೆಯಲ್ಲಿ ಆಕೆ ತಮ್ಮ ನೋವನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಬಿಸಿಲೇರುವ ಮುನ್ನ ಕೋಟೆ ತಲಪಬೇಕೆಂದು ಬೇಗನೆ ಹೊರಟರು. ಬಸ್ಸಿಳಿದ ಮೇಲೆ ಕೋಟೆಯ ಬಾಗಿಲಿನವರೆಗೂ ಅಟೋರಿಕ್ಷಾದಲ್ಲಿಯೇ ಹೋದರು. ಕೋಟೆಯೊಳಗೆ ಬೇಕಾದ ಹೆಜ್ಜೆಗಳನ್ನು ರಸ್ತೆಯಲ್ಲಿ ಖರ್ಚು ಮಾಡಲಿಲ್ಲ. ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ದೊಡ್ಡವರಿಗೆ ಟಿಕೆಟು, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಬಾಗಿಲ ಬಳಿಯ ಮುಖ್ಯಪ್ರಾಣ ಗುಡಿಯಲ್ಲಿ ಅಜ್ಜಿ ಕೈಮುಗಿದರು.

ಒಳಗೆ ಬಂದವರು ಒಂದು ಒಪ್ಪಂದ ಮಾಡಿಕೊಂಡರು. ಹದಿನೈದು ನಿಮಿಷ ನಡೆದರೆ ಹತ್ತು ನಿಮಿಷ ಕುಳಿತುಕೊಳ್ಳುವುದು. ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ, ಉಳಿದವರು ಹಿಂದೆ. ಆಕೆ ಹಿಂದೆ ಉಳಿದಿದ್ದರೆ ಮುಂದಿನವರು ಕಾದು ನಿಂತು, ಆಕೆ ಬಂದು ಸೇರಿದೊಡನೆ ಮತ್ತೆ ಹೊರಡುತ್ತಿದ್ದರು. ಆಗ ವಿಶ್ರಾಂತಿ ಬೇಕಾದವರನ್ನು ಬಿಟ್ಟು ಉಳಿದವರಿಗೆಲ್ಲ ವಿಶ್ರಾಂತಿ ಸಿಗುತ್ತಿತ್ತು.

ಮೊದಲು ಕುಳಿತದ್ದು ಕೊಳದ ಬಳಿ. ಅಲ್ಲಿ ತಂದೆ ಕೋಟೆಯ ಕತೆ ಹೇಳಿದರು. ಕೆಳದಿಯವರ ಕೋಟೆ 18ನೆಯ ಶತಮಾನದಲ್ಲಿ ಹೈದರಾಲಿಯ ಕೈಸೇರಿ, ಟಿಪ್ಪುವಿನ ಕಾಲದಲ್ಲಿ ಆಯಕಟ್ಟಿನ ಠಾಣೆಯಾಗಿ, 1799ರಲ್ಲಿ ಅವನ ಪತನದ ಬಳಿಕ ಈಸ್ಟ್ ಇಂಡಿಯಾ ಕಂಪೆನಿಯದಾಯಿತು. ಬೇಕಲವೆಂಬುದೇ ಕೆಲಕಾಲ ತಾಲೂಕಿನ ಹೆಸರಾಗಿತ್ತು. ಅದೇ ಮುಂದೆ ಕಾಸರಗೋಡು ತಾಲೂಕಾಯಿತು. "ಹಾಗಾದರೆ ರಾಜ ಎಲ್ಲಿ ಮಲಗುತ್ತಿದ್ದ?" ಎಂಬುದು ಮಗನ ಪ್ರಶ್ನೆ.  ಇದು ಮುಖ್ಯವಾಗಿ ಕಾವಲಿಗೆಂದು ಕಟ್ಟಿದ ಕೋಟೆ. ಇಲ್ಲಿ ಕಾಲಾಳುಗಳಿದ್ದರು, ದಿನರಾತ್ರಿ ನಿಂತು ಕಾದವರು. "ಅವರ ಹಿಮ್ಮಡಿಯೂ ನೋಯುತ್ತಿದ್ದಿರಬೇಕು" ಎಂದರು ತಾಯಿ. ಎಲ್ಲರೂ ನಕ್ಕರು.

ನಿಲ್ಲುವುದೇ ದುಡಿಮೆಯಾದವರ ಕತೆ ಕೋಟೆಯ ಕಾಲಕ್ಕೆ ಮುಗಿದದ್ದಲ್ಲ. ಕಲ್ಲಿಕೋಟೆಯ ಜವಳಿ ಅಂಗಡಿಗಳ ಮಹಿಳೆಯರು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ 1960ರ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ 2018ರಲ್ಲಿ ತಿದ್ದುಪಡಿಯಾಗಿ, ನೌಕರರಿಗೆ ಆಸನ ಒದಗಿಸುವುದು ಮಾಲೀಕರ ಕರ್ತವ್ಯವಾಯಿತು. 2021ರಲ್ಲಿ ತಮಿಳುನಾಡೂ ಅಂತಹ ಕಾನೂನು ಮಾಡಿತು. ಗಿರಾಕಿ ಇಲ್ಲದಾಗ ಎರಡು ನಿಮಿಷ ಕುಳಿತುಕೊಳ್ಳುವುದಕ್ಕೆ ಒಂದು ರಾಜ್ಯದ ಶಾಸನವೇ ಬೇಕಾಯಿತೆಂದರೆ, ಕುಳಿತವಳು ಸೋಮಾರಿಯೆಂಬ ಭಾವನೆ ಎಷ್ಟು ಆಳಕ್ಕಿಳಿದಿತ್ತೆಂದು ಊಹಿಸಬಹುದು. ಕಾನೂನು ಅಂಗಡಿಗೆ ಕುರ್ಚಿ ತರಬಲ್ಲದು. ಆದರೆ ರಜೆಯ ದಿನವೂ ಮನೆಯವರೆದುರು ಕುಳಿತುಕೊಳ್ಳಲು ಸಂಕೋಚಪಡುವ ತಾಯಿಯ ಮನಸ್ಸಿಗೆ ಅಭಯ ಕೊಡಬೇಕಾದವರು ಮನೆಯವರೇ.

ಎರಡನೆಯ ಸಲ ಕುಳಿತದ್ದು ಹೊರಗೋಡೆಯ ನೆರಳಿನಲ್ಲಿ. ಮಗ ಅಷ್ಟರಲ್ಲಿ ಕೊತ್ತಳದ ತುದಿಗೆ ಓಡಿ ಮರಳಿದ್ದ. ತಾಯಿ ಅವನನ್ನು ಬಳಿಗೆ ಕರೆದು ಗೋಡೆಯ ರಂಧ್ರಗಳನ್ನು ತೋರಿಸಿದರು. ಒಂದೊಂದರಿಂದಲೂ ಕಾಣುವ ದೃಶ್ಯ ಬೇರೆ ಬೇರೆ. ಮೇಲಿನದರಲ್ಲಿ ದೂರದ ಜಾಗ, ಅದರ ಕೆಳಗಿನದರಲ್ಲಿ ಹತ್ತಿರದ್ದು, ಅಡಿಯದರಲ್ಲಿ ಗೋಡೆಯ ಬುಡ. ದೂರದ ವೈರಿಗೊಂದು, ಸಮೀಪಿಸಿದವನಿಗೊಂದು, ಬುಡಕ್ಕೇ ಬಂದವನಿಗೊಂದು ಎಂದು ಕಟ್ಟಿದವರು ಓರೆಯನ್ನು ಲೆಕ್ಕಹಾಕಿ ಬಿಟ್ಟ ರಂಧ್ರಗಳವು. ನಿಂತು ಓಡುವವನ ಕಣ್ಣಿಗೆ ಅವು ಬರಿಯ ತೂತುಗಳು. ಗೋಡೆಗೆ ಹತ್ತಿ ಕುಳಿತು, ಬಗ್ಗಿ ನೋಡಿದವರಿಗೆ ಅದರ ಗುಟ್ಟು ತಿಳಿಯಿತು.

ವೀಕ್ಷಣಾ ಗೋಪುರದ ಅಗಲವಾದ ಏರುದಾರಿಯನ್ನು ಆಕೆ ಚಿಕ್ಕ ಹೆಜ್ಜೆಗಳಲ್ಲಿ, ನಡುವೆ ಒಮ್ಮೆ ನಿಂತು ಹತ್ತಿದರು. ಏರಿನಲ್ಲಿ ಮೀನಖಂಡ ಬಿಗಿಯುವುದರಿಂದ ಹಿಮ್ಮಡಿಯ ಪಟ್ಟಿಯೂ ಜಗ್ಗುತ್ತದೆ. ಅವಸರವೇ ಅಲ್ಲಿ ಶತ್ರು. ಮೇಲೆ ನಿಂತಾಗ ಪಶ್ಚಿಮಕ್ಕೆ ಕಡಲು, ಸುತ್ತ ತೆಂಗಿನ ತೋಟಗಳ ಹಸಿರು. ಪಿಲಿಕುಳದ ಬಾಗಿಲಲ್ಲಿ ಕಳೆದ ದಿನವೊಂದರ ಸಾಲ ಆ ಗಾಳಿಯಲ್ಲಿ ತೀರಿದಂತಿತ್ತು.

ಕಡಲ ಕಡೆಗೆ ಇಳಿಯುವ ಮೆಟ್ಟಿಲುಗಳ ಬಳಿಗೆ ಬಂದಾಗ ಎಡ ಹಿಮ್ಮಡಿ ಚುಚ್ಚಿತು. ಹಿಂದಿನ ಅಭ್ಯಾಸವಾಗಿದ್ದರೆ ಆಕೆ ಹಲ್ಲು ಕಚ್ಚಿ ಇಳಿಯುತ್ತಿದ್ದರು, ಇಲ್ಲವೇ ನೋಡಿದ್ದೇನೆ ಎನ್ನುತ್ತಿದ್ದರು. ಈ ಸಲ, "ನನಗಿಲ್ಲಿಗೆ ಸಾಕು. ನೀನು ಅಪ್ಪನೊಟ್ಟಿಗೆ ಇಳಿದು ನೋಡಿ, ಬಂದು ನನಗೆ ಹೇಳು" ಎಂದು ಮಗನನ್ನು ಕಳುಹಿಸಿದರು. ನೋವಿನ ಮಾತ್ರೆ ನುಂಗಿ ನಡೆಯಬಹುದಲ್ಲ ಎನ್ನುವವರಿದ್ದಾರೆ. ನೋವನ್ನು ಮರೆಸಿ ದುಡಿಸಿದ ಪಾದ ಮರುದಿನ ಬಡ್ಡಿಸಹಿತ ವಸೂಲಿ ಮಾಡುತ್ತದೆ.

ಆಕೆಯೊಡನೆ ಅಜ್ಜಿಯೂ ಮೇಲೆಯೇ ಉಳಿದರು. ಅಜ್ಜಿಗೆ ನೋವಿರಲಿಲ್ಲ, ಬಹುಕಾಲದ ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದಂತಿತ್ತು. ಅದು ಇನ್ನೂ ಹೆಚ್ಚಿನ ಎಚ್ಚರ ಬೇಕಾದ ಸ್ಥಿತಿ. ನೋಯುವ ಕಾಲು ನಿಲ್ಲೆಂದು ಹೇಳುತ್ತದೆ, ಜೋಮು ಹಿಡಿದ ಕಾಲು ಏನನ್ನೂ ಹೇಳುವುದಿಲ್ಲ. ಅಂತಹವರು ಕಾದ ಮುರಕಲ್ಲಿನ ಮೇಲೆ ಬರಿಗಾಲಿಡಬಾರದು. ಬೂಟಿನೊಳಗೆ ಕಲ್ಲು ಸೇರಿದೆಯೇ, ಅಂಗಾಲಿನಲ್ಲಿ ಗಾಯವಾಗಿದೆಯೇ ಎಂದು ಬೇರೆಯವರು ನೋಡಬೇಕು. ಕೋಟೆಯ ನೆರಳಿನಲ್ಲಿ ಸೊಸೆ ಅತ್ತೆಯ ಕಾಲನ್ನು ಮಡಿಲಲ್ಲಿಟ್ಟು ಬೆರಳುಗಳ ಸಂದನ್ನೂ ಬಿಡದೆ ನೋಡಿದರು. ಒಳಮನೆಯ ಚಪ್ಪಲಿಯ ಬಗ್ಗೆ ಅತ್ತೆ ಮತ್ತೆ ಮಾತೆತ್ತಲಿಲ್ಲ. ನನಗೂ ಒಂದು ಜೋಡಿ ತಾ ಎಂದರು.

ಪಟ್ಟಿಯಿಂದ ಹೊಡೆದುಹಾಕಿದ ಜಾಗಗಳಿಗೂ ಅವುಗಳ ಹೊತ್ತು ಉಂಟು. ಏಳೆಂಟು ಎಕರೆಯ ಚಂದ್ರಗಿರಿ ಕೋಟೆ ನೋಯುವ ಕಾಲಿಗೂ ಒಂದು ಬೆಳಗಿನಲ್ಲಿ ದಕ್ಕುತ್ತದೆ. ಕೊಳದ ನಡುವಿನ ಗುಡಿಯಿರುವ ಅನಂತಪುರಕ್ಕೆ ಬರಿಗಾಲಲ್ಲೇ ಹೋಗಬೇಕಾದ್ದರಿಂದ ಕಲ್ಲು ತಣಿದಿರುವ ಮುಂಜಾನೆ ಒಳ್ಳೆಯದು. ಕಾಡಿನ ನಡುವೆ ಹುಲ್ಲಿನ ಬೆಟ್ಟದ ನೆತ್ತಿಗೇರುವ ರಾಣಿಪುರಂ ಮಾತ್ರ ಹಿಮ್ಮಡಿ ವಾಸಿಯಾಗುವವರೆಗೆ ಕಾಯಲಿ. ಕಾಲೂರಲಾಗದಷ್ಟು ನೋವು, ಒಂದೇ ಕಾಲಿನ ಬಾವು, ಕೆಂಪಾಗುವಿಕೆ, ಮಾಯದ ಗಾಯ ಇವು ಕಂಡರೆ ಹೋಗಬೇಕಾದ್ದು ವೈದ್ಯರ ಬಳಿಗೆ.

ಮಧ್ಯಾಹ್ನದ ಊಟಕ್ಕೆ ಮೊದಲೇ ಅವರು ಹೊರಬಂದರು. ಸುರಂಗದ ಬಾಯಿಯನ್ನೂ ದಕ್ಷಿಣದ ಗೋಡೆಯನ್ನೂ ನೋಡಲಿಲ್ಲ. ಮನೆಗೆ ಬಂದು ಆಕೆ ಕಾಲನ್ನು ದಿಂಬಿನ ಮೇಲೆತ್ತಿಟ್ಟು, ಬಾಟಲಿಯ ತಂಪು ಕೊಟ್ಟುಕೊಂಡರು. ಮರುದಿನ ಮುಂಜಾನೆಯ ಮೊದಲ ಹೆಜ್ಜೆ ನೋಯಲಿಲ್ಲವೆಂದಲ್ಲ, ಗೋಡೆ ಹಿಡಿಯಬೇಕಾಗಲಿಲ್ಲ.

ರಜೆ ಮುಗಿದು ಶಾಲೆ ತೆರೆದಾಗ ಪ್ರವಾಸದ ಕುರಿತು ಪ್ರಬಂಧ ಬರೆಯಬೇಕಿತ್ತು. ಮಗ ಒಂದೂವರೆ ಪುಟವನ್ನು ಗೋಡೆಯ ಮೂರು ಬಗೆಯ ರಂಧ್ರಗಳಿಗೇ ಮೀಸಲಿಟ್ಟಿದ್ದ. ಕೊನೆಯಲ್ಲಿ, ಇದನ್ನು ಕಂಡುಹಿಡಿದು ತೋರಿಸಿದ್ದು ಅಮ್ಮ ಎಂದು ಬರೆದಿದ್ದ.